ಸೆಕ್ಷನ್ ಹದಿನೇಳರೊಳಗೆ ಒಂದು ತಾಯಿಮನೆ

ಒಂದೇ ಕಾನೂನು. ಅದರಲ್ಲಿ ಎರಡು ಸೆಕ್ಷನ್‌ಗಳು, ನಡುವೆ ಒಂದೆರಡು ಪುಟಗಳ ಅಂತರ. ಒಂದರಲ್ಲಿ ಗಂಡನ ಮನೆಯವರು ಎರಡನೆಯ ಸಾಲಿನಲ್ಲಿದ್ದಾರೆ, ಇನ್ನೊಂದರಲ್ಲಿ ಕಟ್ಟಕಡೆಯ ಸಾಲಿನಲ್ಲಿದ್ದಾರೆ. ಒಂದರಲ್ಲಿ ಹೆತ್ತ ತಾಯಿ ಮೂರನೆಯ ಸಾಲಿಗೆ ತಳ್ಳಿಸಿಕೊಂಡಿದ್ದಾಳೆ, ಇನ್ನೊಂದರಲ್ಲಿ ಮೊದಲ ಸಾಲಿನಲ್ಲೇ, ಮೊಮ್ಮಕ್ಕಳ ಜೊತೆಗೇ ಕುಳಿತಿದ್ದಾಳೆ. ಎರಡೂ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲೇ ಇವೆ, ಇವತ್ತಿಗೂ ಜಾರಿಯಲ್ಲಿವೆ. ಇದನ್ನು ಸಾಲಿಗೆ ಸಾಲು ಹೋಲಿಸಿ ಓದಿದ ಮೇಲೆ ಸಿಕ್ಕವರಿಗೆಲ್ಲ ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ!

ಮೊದಲು ಕುರಿಚಿಗೆ ಬನ್ನಿ. ಕೊಯಮತ್ತೂರಿನ ದಕ್ಷಿಣಕ್ಕೆ, ಪೊಳ್ಳಾಚಿ ರಸ್ತೆಯ ಮೇಲಿರುವ ಊರು. 2011ರಿಂದ ಕೊಯಮತ್ತೂರು ಮಹಾನಗರ ಪಾಲಿಕೆಯ ಭಾಗ. ಊರಿಗೊಂದು ದೊಡ್ಡ ಕೆರೆ, ಕೆರೆಯ ಬಳಿ ತಮಿಳು ಅಕ್ಷರಗಳನ್ನೇ ಜೋಡಿಸಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ, ಊರಿನಲ್ಲೇ ಸಿಡ್ಕೋ ಕೈಗಾರಿಕಾ ವಸಾಹತು. ಕೊಯಮತ್ತೂರು ಎಂದರೆ ಪಂಪು, ಮೋಟಾರು, ಗ್ರೈಂಡರ್. ಅಂಥ ಒಂದು ಘಟಕದಲ್ಲಿ ದುಡಿದು, ಸ್ವಂತ ಸಂಪಾದನೆಯಲ್ಲಿ ಪುಟ್ಟದೊಂದು ಮನೆ ಕಟ್ಟಿ, ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡಿಟ್ಟ ಹೆಂಗಸೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ, ಮನೆಯಲ್ಲಿ ಜೊತೆಗಿರುವವಳು ವಯಸ್ಸಾದ ತಾಯಿ. ಆಕೆ ಒಂದು ದಿನ ವಿಲ್ ಬರೆಯದೆ ಕಣ್ಣು ಮುಚ್ಚಿದಳು. ಆ ಮನೆ ಯಾರದು?

ಸೆಕ್ಷನ್ 15 ಹೇಳುವ ಸರತಿ ಹೀಗಿದೆ: ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ತಾಯಿ, ತಂದೆ. ಆಮೇಲೆ ತಂದೆಯ ವಾರಸುದಾರರು, ಕೊನೆಗೆ ತಾಯಿಯ ವಾರಸುದಾರರು. ಗಂಡನ ವಾರಸುದಾರರು ಎಂದರೆ ಅತ್ತೆ ಮಾವ ಮಾತ್ರ ಎಂದುಕೊಳ್ಳಬೇಡಿ. ಅವನ ಅಣ್ಣ ತಮ್ಮ, ಅಕ್ಕ ತಂಗಿ, ಅವರ ಮಕ್ಕಳವರೆಗೂ ಆ ಪಟ್ಟಿ ಹರಿಯುತ್ತದೆ. ಮದುವೆಯ ದಿನ ಚಪ್ಪರದಲ್ಲಿ ಒಮ್ಮೆ ಕಂಡಿದ್ದ ನಾದಿನಿಯ ಮಗ ಎಲ್ಲಿಂದಲೋ ಬಂದು ಬಾಗಿಲು ತಟ್ಟಬಹುದು. ಒಳಗಿರುವ ಮುದುಕಿ, ಆ ಮನೆಯೊಡತಿಯನ್ನು ಹೆತ್ತವಳು, ಅವನಿಗೆ ಬಾಗಿಲು ತೆರೆದು ಗಂಟುಮೂಟೆ ಕಟ್ಟಬೇಕು.

ಉತ್ಪ್ರೇಕ್ಷೆ ಅನ್ನಿಸಿತೆ? 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣ ಇದಕ್ಕಿಂತ ಕಠೋರ. ಮದುವೆಯಾಗಿ ಮೂರು ತಿಂಗಳಿಗೆ ಗಂಡ ಹಾವು ಕಚ್ಚಿ ತೀರಿಕೊಂಡ. ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದರು. ತವರಿಗೆ ಬಂದಳು, ತವರಿನವರು ಓದಿಸಿದರು, ಕೆಲಸಕ್ಕೆ ಸೇರಿದಳು, ದಶಕಗಳ ಕಾಲ ದುಡಿದಳು. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿ ಹಣವಿತ್ತು, ಭವಿಷ್ಯನಿಧಿ ಇತ್ತು. ಅದೆಲ್ಲ ಹೋದದ್ದು ಆ ಗಂಡನ ಅಕ್ಕತಂಗಿಯರ ಗಂಡುಮಕ್ಕಳಿಗೆ! ಸಾಕಿ ಓದಿಸಿದ ತವರಿಗೆ ಏನೂ ಇಲ್ಲ. ಮರುಕ ಬೇರೆ, ಕಾನೂನಿನ ಅಕ್ಷರ ಬೇರೆ ಎಂಬ ನಿಲುವಿನಲ್ಲಿ ನ್ಯಾಯಾಲಯ ಸೆಕ್ಷನ್ 15ನ್ನು ಇದ್ದ ಹಾಗೆಯೇ ಅನ್ವಯಿಸಿತು.

ಈಗ ಅದೇ ಹೆಂಗಸನ್ನು, ಅದೇ ಮನೆ, ಅದೇ ತಾಯಿ, ಅದೇ ಬ್ಯಾಂಕ್ ಪುಸ್ತಕದ ಸಮೇತ ಎತ್ತಿ ಕುಂದಾಪುರದ ಒಂದು ಬಂಟರ ಮನೆತನದಲ್ಲಿ ಹುಟ್ಟಿಸಿ ನೋಡಿ. ಪುಟ ತಿರುವಿ. ಸೆಕ್ಷನ್ 17.

ಅಲ್ಲಿ ಸರತಿಯೇ ತಲೆಕೆಳಗು! ಮೊದಲು ಮಕ್ಕಳು ಮತ್ತು ತಾಯಿ. ಎರಡನೆಯದಾಗಿ ತಂದೆ ಮತ್ತು ಗಂಡ. ಮೂರನೆಯದಾಗಿ ತಾಯಿಯ ವಾರಸುದಾರರು. ನಾಲ್ಕನೆಯದಾಗಿ ತಂದೆಯ ವಾರಸುದಾರರು. ಕಟ್ಟಕಡೆಗೆ, ಎಲ್ಲರೂ ಮುಗಿದ ಮೇಲೆ, ಗಂಡನ ವಾರಸುದಾರರು. ಕುಂದಾಪುರದ ಆ ಮನೆಯಲ್ಲಿ ಮುದುಕಿ ಎಲ್ಲಿಗೂ ಹೋಗಬೇಕಾಗಿಲ್ಲ, ಇಡೀ ಮನೆ ಅವಳದೇ. ಇನ್ನೂ ನೋಡಿ: ಮಕ್ಕಳಿದ್ದು ಗಂಡನೂ ಬದುಕಿದ್ದರೆ ಸೆಕ್ಷನ್ 15ರ ಹೆಂಗಸಿನ ಆಸ್ತಿ ಗಂಡನಿಗೂ ಮಕ್ಕಳಿಗೂ ಪಾಲಾಗುತ್ತದೆ, ಹೆತ್ತವಳಿಗೆ ಬಿಡಿಕಾಸೂ ಇಲ್ಲ. ಸೆಕ್ಷನ್ 17ರ ಹೆಂಗಸಿನ ಆಸ್ತಿಯಲ್ಲಿ ತಾಯಿಗೂ ಮಕ್ಕಳಿಗೂ ಪಾಲು, ಗಂಡ ಎರಡನೆಯ ಸಾಲಿನಲ್ಲಿ ಮಾವನ ಪಕ್ಕ ನಿಂತಿರುತ್ತಾನೆ. ಸತ್ತವಳು ಯಾರ ಮನೆಯವಳು ಎಂಬ ಒಂದೇ ಪ್ರಶ್ನೆಗೆ ಒಂದು ಸೆಕ್ಷನ್ನು ‘ಗಂಡನ ಮನೆಯವಳು’ ಎನ್ನುತ್ತದೆ, ಇನ್ನೊಂದು ‘ಅಮ್ಮನ ಮಗಳು’ ಎನ್ನುತ್ತದೆ.

ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ, ಮರುಮಕ್ಕತ್ತಾಯಂ ಪದ್ಧತಿಗಳಿಗೆ ಒಳಪಟ್ಟಿದ್ದ ಮನೆತನಗಳಿಗೆಂದು ಮಾಡಿದ ಏರ್ಪಾಟು ಇದು. ದೆಹಲಿಯಲ್ಲಿ ಕೂತು ಬರೆದ ಇಂಗ್ಲಿಷ್ ಕಾನೂನಿನ ವ್ಯಾಖ್ಯೆಗಳ ಭಾಗದಲ್ಲೇ ‘ಅಳಿಯಸಂತಾನ’ ಎಂಬ ಪದ ಇದ್ದ ಹಾಗೇ ಕೂತಿದೆ. ಅಲ್ಲಿಂದ ಮುಂದೆ ‘ಕುಟುಂಬ’ ಇದೆ, ‘ಕವರು’ ಇದೆ! ಮರದ ಕವಲೇ ಕವರು. ಕರಾವಳಿಯ ಅಜ್ಜಿಯೊಬ್ಬಳು ಚಾವಡಿಯಲ್ಲಿ ಕೂತು ‘ನಮ್ಮ ಕವರಿನವರು’ ಎಂದು ಹೇಳುವ ಆ ಮಾತು ಕಾಶ್ಮೀರದ ವಕೀಲರೂ ಓದುವ ಪುಸ್ತಕದೊಳಗೆ ಹೋಗಿ ಸೇರಿದೆ ಎಂದರೆ ನಂಬಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಸಕ್ಸೆಶನ್ ಎಂಬುದು ಇಂಗ್ಲಿಷಿನಲ್ಲಿ ಒಂದೇ ಪದ. ನಮ್ಮಲ್ಲಿ ಅದಕ್ಕೆ ಎಷ್ಟು ಮುಖ! ಕುರಿಚಿಯವರು ತಾಲೂಕು ಕಚೇರಿಗೆ ಹೋಗಿ ಕೇಳುವುದು ‘ವಾರಿಸು ಸಾಂಡ್ರಿದಳ್’. ನಾವು ‘ವಾರಸುದಾರ’ ಅನ್ನುತ್ತೇವೆ. ಎರಡೂ ಅರಬ್ಬಿ ಮೂಲದಿಂದ ಬಂದ ಒಂದೇ ಪದದ ಅಕ್ಕತಂಗಿಯರು. ಅಪ್ಪ ಸತ್ತ ಮೇಲೆ ಜಮೀನಿನ ಖಾತೆ ಮಕ್ಕಳ ಹೆಸರಿಗೆ ಆಗಬೇಕಾದರೆ ಕರ್ನಾಟಕದ ರೈತ ‘ಪೌತಿ ಖಾತೆ’ ಮಾಡಿಸುತ್ತಾನೆ. ಪೌತಿಯೂ ಅರಬ್ಬಿಯದೇ, ಸಾವು ಎಂದರ್ಥ. ಅರಸನಿಗೆ ಪಟ್ಟ, ಮಠಕ್ಕೆ ಪೀಠ, ತುಳುನಾಡಿನ ಗುತ್ತಿನ ಮನೆಯಲ್ಲಿ ಗಡಿ ಹಿಡಿಯುವುದು. ಒಬ್ಬರ ಹಿಂದೆ ಒಬ್ಬರು ಬರುವುದು ಎಲ್ಲದರಲ್ಲೂ ಇದ್ದದ್ದೇ. ಆದರೆ ಯಾರ ಹಿಂದೆ ಯಾರು? ಅದನ್ನು ಯಾವ ಗೆರೆ ನಿರ್ಧರಿಸಬೇಕು? ತುಳುನಾಡು ಇಲ್ಲಿಯೇ ದಕ್ಷಿಣದ ಬಹುಭಾಗದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿತು.

ಕೊಯಮತ್ತೂರು ತಿರುಪ್ಪೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗ ನೇಕಾರರಿದ್ದಾರೆ, ಒಕ್ಕಲಿಗರಿದ್ದಾರೆ, ಅನುಪ್ಪರಿದ್ದಾರೆ. ಅವರದು ಅಪ್ಪನಿಂದ ಮಗನಿಗೆ ಹೋಗುವ ಮಕ್ಕಳಕಟ್ಟು. ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರು, ಕೆಲವು ಜೈನ ಮನೆತನಗಳು ನಡೆಸಿಕೊಂಡು ಬಂದದ್ದು ಅಳಿಯಕಟ್ಟು, ಅದೇ ಅಳಿಯಸಂತಾನ. ಯಜಮಾನನ ಹಿಂದೆ ಬರುವವನು ಅವನ ಮಗನಲ್ಲ, ಅಕ್ಕನದೋ ತಂಗಿಯದೋ ಮಗ. ಮಗ ತನ್ನ ತಾಯಿಯ ಮನೆಗೆ, ತನ್ನ ಸೋದರಮಾವನ ಆಸ್ತಿಗೆ ಸೇರಿದವನು. ಬಳಿ, ಅಂದರೆ ಕುಲದ ಹೆಸರು ಕೂಡ ತಾಯಿಯದೇ, ಅಪ್ಪನದಲ್ಲ. ಕೇಳಿದರೆ ಇಷ್ಟೇ. ಆದರೆ ಇದನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟದ್ದನ್ನು ಓದಿದರೆ ತಲೆ ಗಿರ್ರೆನ್ನುತ್ತದೆ.

1949ರ ಮದ್ರಾಸ್ ಅಳಿಯಸಂತಾನ ಅಧಿನಿಯಮದಲ್ಲಿ ‘ಕವರು’ ಎಂದರೆ ಏನು ಎಂದು ಬರೆದಿದೆ. ಹೆಣ್ಣಿಗೆ ಸಂಬಂಧಿಸಿ ಹೇಳುವಾಗ ಕವರು ಎಂದರೆ ಆಕೆ, ಆಕೆಯ ಮಕ್ಕಳು, ಹೆಣ್ಣಿನ ಕಡೆಯಿಂದ ಮುಂದುವರಿಯುವ ಆಕೆಯ ಎಲ್ಲ ಸಂತತಿ. ಸರಿ. ಗಂಡಿಗೆ ಸಂಬಂಧಿಸಿ ಹೇಳುವಾಗ? ಅವನ ತಾಯಿಯ ಕವರು! ಅಷ್ಟೇ. ಗಂಡಸಿಗೆ ತನ್ನದೇ ಆದ ಕವಲಿಲ್ಲ. ಎಪ್ಪತ್ತು ವರ್ಷದ ಯಜಮಾನ, ಗದ್ದೆ ತೋಟ ನೋಡಿಕೊಳ್ಳುವವನು, ಊರಿನ ದೈವದ ಎದುರು ಮೊದಲ ಬೂಳ್ಯದ (ಪ್ರಸಾದದ) ಗೌರವ ಪಡೆಯುವವನು, ಕಾನೂನಿನ ಕಣ್ಣಿಗೆ ಕೊನೆಯವರೆಗೂ ತಾಯಿಯ ಕೊಂಬೆಯ ಮೇಲಿನ ಮಗು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅದೇ ಅಧಿನಿಯಮ ಕವರುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಐವತ್ತು ವರ್ಷ ತುಂಬದ ಒಬ್ಬಳಾದರೂ ಹೆಣ್ಣಿದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಮೂವರು ಅಣ್ಣತಮ್ಮಂದಿರು ಇದ್ದಾರೆ ಅನ್ನಿ. ತಾಯಿ ತೀರಿಕೊಂಡಿದ್ದಾಳೆ, ಅಕ್ಕತಂಗಿಯರಿಲ್ಲ. ಮೂವರಿಗೂ ಮದುವೆಯಾಗಿದೆ, ಅಂಗಳದ ತುಂಬ ಮಕ್ಕಳು ಆಡುತ್ತಿವೆ. ಆದರೂ ಅವರದು ನಿಸ್ಸಂತತಿ ಕವರು! ಏಕೆಂದರೆ ಆ ಮಕ್ಕಳು ಅವರವರ ತಾಯಂದಿರ ಕವರಿಗೆ ಸೇರಿದವರು. ಕುಟುಂಬದಲ್ಲಿ ಸಂತತಿಯುಳ್ಳ ಬೇರೆ ಕವರು ಇದ್ದರೆ ಈ ಅಣ್ಣತಮ್ಮಂದಿರಿಗೆ ಪಾಲಿನಲ್ಲಿ ಸಿಗುತ್ತಿದ್ದದ್ದು ಬದುಕಿರುವಷ್ಟು ಕಾಲ ಅನುಭವಿಸುವ ಹಕ್ಕು ಮಾತ್ರ. ಗಂಡುಮಗುವಿಲ್ಲದ ಮನೆಯನ್ನು ‘ವಂಶ ನಿಂತಿತು’ ಎಂದು ದೇಶವೆಲ್ಲ ಮರುಗುತ್ತಿದ್ದ ಕಾಲದಲ್ಲಿ ಹೆಣ್ಣುಮಗುವಿಲ್ಲದ ಮನೆಯನ್ನು ಹಾಗೆ ಕರೆದ ನೆಲವೊಂದು ನಮ್ಮ ಘಟ್ಟದ ಕೆಳಗೇ ಇತ್ತು. ಶಾಸನಸಭೆ ಅದನ್ನು ಹಾಗೆಯೇ ಅಚ್ಚು ಹಾಕಿಸಿತ್ತು.

ಈ ಪದ್ಧತಿ ಹುಟ್ಟಿದ್ದಕ್ಕೆ ಊರವರು ಹೇಳುವ ಕಥೆ ಒಂದಿದೆ. ಹಡಗುಗಳನ್ನು ಕಡಲಿಗಿಳಿಸಲು ಹೊರಟ ದೇವಪಾಂಡ್ಯನಿಗೆ ಕುಂಡೋದರನೆಂಬ ಭೂತ ಅಡ್ಡ ನಿಂತು ಒಬ್ಬ ಮಗನ ಬಲಿ ಕೇಳಿತಂತೆ. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನೇ ಮುಂದೆ ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಮುಂದೆ ಭೂತಾಳಪಾಂಡ್ಯನಾದ, ಆಸ್ತಿ ಮಕ್ಕಳನ್ನು ಬಿಟ್ಟು ಅಳಿಯನಿಗೆ ಬಂತು. ಅವನ ಹೆಸರಿನ ಕಟ್ಟುಕಟ್ಟಳೆಗಳ ಹೊತ್ತಗೆ ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲೂ ಚರ್ಚೆಗೆ ಬಂತು. ಹೊತ್ತಗೆ ಹೇಳಿಕೊಳ್ಳುವಷ್ಟು ಹಳೆಯದಲ್ಲ ಎಂಬುದು ವಿದ್ವಾಂಸರ ಮಾತು, ನನಗೂ ಹಾಗೆಯೇ ಕಾಣುತ್ತದೆ. ಆದರೆ ಪದ್ಧತಿ ಹಳೆಯದು ಎನ್ನಲು ಹೊತ್ತಗೆಯ ಸಾಕ್ಷಿಯೇ ಬೇಕಾಗಿಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನನ್ನು ನೆನೆಯಿರಿ. ಚೌಟರದು ಜೈನ ಅರಸುಮನೆತನ, ಅಳಿಯಕಟ್ಟಿನದು. ಅಬ್ಬಕ್ಕನಿಗೆ ಉಳ್ಳಾಲ ಬಂದದ್ದು ಸೋದರಮಾವ ತಿರುಮಲರಾಯನಿಂದ. ಮಂಗಳೂರಿನ ಬಂಗರಸನನ್ನು ಮದುವೆಯಾದರೂ ಅವಳ ರಾಜ್ಯ ಅವಳದಾಗಿಯೇ ಉಳಿಯಿತು, ಗಂಡನೊಂದಿಗೆ ಮುರಿದುಕೊಂಡಾಗಲೂ ಅವಳ ಕಾಲಕೆಳಗಿನ ನೆಲ ಸರಿಯಲಿಲ್ಲ. ಶಾಲೆಯಲ್ಲಿ ಅವಳ ಕತ್ತಿಯ ಕಥೆ ಹೇಳಿಕೊಡುತ್ತಾರೆ. ಅವಳ ಕೈಗೆ ಆ ಕತ್ತಿ ತಂದುಕೊಟ್ಟ ಉತ್ತರಾಧಿಕಾರದ ಕಥೆಯನ್ನೂ ಹೇಳಿಕೊಡಬೇಕಿತ್ತು.

ಪಕ್ಕದ ಮಲಬಾರಿನ ಮರುಮಕ್ಕತ್ತಾಯಂನಿಂದ ನಮ್ಮದು ಒಂದು ವಿಷಯದಲ್ಲಿ ಬೇರೆ. ಅಲ್ಲಿ ತರವಾಡಿನ, ಅಂದರೆ ಕೂಡುಕುಟುಂಬದ, ಆಡಳಿತ ಸಾಮಾನ್ಯವಾಗಿ ಹಿರಿಯ ಗಂಡಸಿನದು, ಅವನೇ ಕಾರಣವರ್. ಅಳಿಯಸಂತಾನದಲ್ಲಿ ವಯಸ್ಸಿನಲ್ಲಿ ಹಿರಿಯರು ಯಾರೋ ಅವರದು ಆಡಳಿತ. ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಕಾಗದದ ಮೇಲೆ ಸಮಾನತೆ ಎಂಬ ಮಾತು ಹುಟ್ಟುವ ಮೊದಲೇ ವಯಸ್ಸನ್ನು ಲಿಂಗದ ಮೇಲಿಟ್ಟ ಏರ್ಪಾಟು!

ಹಾಗೆಂದು ಅದನ್ನು ಹೆಣ್ಣಾಳ್ವಿಕೆಯ ಸ್ವರ್ಗವೆಂದು ಬಣ್ಣಿಸಿದರೆ ಆ ಮನೆಗಳ ಹೆಂಗಸರಿಗೇ ಅನ್ಯಾಯವಾಗುತ್ತದೆ. ಎಷ್ಟೋ ಮನೆಗಳಲ್ಲಿ ಹೆಸರು ಅಕ್ಕನದಾದರೂ ಲೆಕ್ಕ ಪುಸ್ತಕ ತಮ್ಮನ ಕೈಯಲ್ಲಿರುತ್ತಿತ್ತು. ಹೆಂಡತಿ ಮಕ್ಕಳಿಗೆ ಕುಟುಂಬದ ಆಸ್ತಿಯಲ್ಲಿ ಏನೂ ಬಿಟ್ಟುಹೋಗಲಾರದ ಅಪ್ಪನ ಸಂಕಟ ಸಣ್ಣದಲ್ಲ. ಅಪ್ಪ ಕಣ್ಣು ಮುಚ್ಚಿದ ಮೇಲೆ ಅವನ ಮನೆಯಲ್ಲಿ ಪರಕೀಯರಾದ ಮಕ್ಕಳ ಸಂಕಟವೂ ಹಾಗೆಯೇ. ಕುಟುಂಬದ ಆಸ್ತಿಯನ್ನು ಪಾಲು ಮಾಡಿ ಎಂದು ಕೇಳುವ ಹಕ್ಕೇ ಬಹುಕಾಲ ಇರಲಿಲ್ಲ. ಆ ಉಸಿರುಗಟ್ಟನ್ನು ಬಿಡಿಸಲೆಂದೇ 1949ರ ಅಧಿನಿಯಮ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಕಾನೂನು ಇನ್ನೂ ಮುಂದೆ ಹೋಗಿ, ಕುಟುಂಬದಲ್ಲೋ ಕವರಿನಲ್ಲೋ ಇರುವ ತನ್ನ ಪಾಲನ್ನು ಯಾರಿಗೆ ಬೇಕಾದರೂ ವಿಲ್ ಬರೆದು ಕೊಡಬಹುದು ಎಂದಿತು. ಅಪ್ಪಂದಿರು ಕೊನೆಗೂ ಮಕ್ಕಳಿಗೆ ಅಪ್ಪಂದಿರಾದರು. ಅದು ಒಳ್ಳೆಯದೇ ಆಯಿತು ಎಂದು ನಾನು ಮನಸಾರೆ ನಂಬುತ್ತೇನೆ.

ಆ 1956ರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕುರಿಚಿ ಈ ಕಥೆಯೊಳಗೆ ಸುಮ್ಮನೆ ಬಂದದ್ದಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂದದ್ದು 1956ರ ಜೂನ್ 17ರಂದು. ರಾಜ್ಯಗಳ ಪುನರ್ವಿಂಗಡಣೆ ಆದದ್ದು ಅದೇ ವರ್ಷದ ನವೆಂಬರ್ 1ಕ್ಕೆ. ನಡುವಿನ ಆ ನಾಲ್ಕೂವರೆ ತಿಂಗಳು ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು, ಕುರಿಚಿ ಎಲ್ಲವೂ ಒಂದೇ ಮದ್ರಾಸ್ ರಾಜ್ಯದಲ್ಲಿದ್ದವು! ನಮ್ಮ ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯ ತಾಲೂಕು. ಮಲೆ ಮಾದಪ್ಪನ ಬೆಟ್ಟ ಹತ್ತುವ ಕನ್ನಡಿಗರ ಕಂದಾಯದ ಕಾಗದ ಕೊಯಮತ್ತೂರಿನ ಕಲೆಕ್ಟರ ಮೇಜಿಗೆ ಹೋಗುತ್ತಿತ್ತು. ಹೀಗೆ ಒಂದೇ ರಾಜ್ಯದ ಒಂದು ತುದಿಯ ಕನ್ನಡತಿಗೆ ಸೆಕ್ಷನ್ 15, ಇನ್ನೊಂದು ತುದಿಯ ಕನ್ನಡತಿಗೆ ಸೆಕ್ಷನ್ 17. ನವೆಂಬರ್ 1ಕ್ಕೆ ಕೊಳ್ಳೇಗಾಲವೂ ದಕ್ಷಿಣ ಕನ್ನಡದ ಬಹುಭಾಗವೂ ಮೈಸೂರು ರಾಜ್ಯಕ್ಕೆ ಬಂದವು, ಕಾಸರಗೋಡು ಕೇರಳಕ್ಕೆ ಹೋಯಿತು, ಕುರಿಚಿ ಇದ್ದಲ್ಲೇ ಉಳಿಯಿತು. 1956ರ ಕಾನೂನಿಗೆ ಮೂಲವಾದ ಹಿಂದೂ ಸಂಹಿತೆಯ ಕರಡು ಮಾಡಿದ ಸಮಿತಿಯ ಅಧ್ಯಕ್ಷರಾಗಿದ್ದ ಬೆನಗಲ್ ನರಸಿಂಗ ರಾವ್ ಕೂಡ ಇದೇ ದಕ್ಷಿಣ ಕನ್ನಡದವರು, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಅವರದು ಮಕ್ಕಳಕಟ್ಟಿನ ಸಾರಸ್ವತ ಮನೆತನ. ಅಳಿಯಕಟ್ಟಿನ ಮನೆಗಳನ್ನು ಸುತ್ತಮುತ್ತ ಕಂಡು ಬೆಳೆಯುವುದು ಆ ಊರಿನಲ್ಲಿ ಯಾವ ಹುಡುಗನಿಗೂ ತಪ್ಪುತ್ತಿರಲಿಲ್ಲ.

ಸೆಕ್ಷನ್ 17ರಲ್ಲಿ ಇನ್ನೂ ಒಂದು ಸಾಲು ಇದೆ, ಅದನ್ನು ಕಂಡಾಗ ನಾನು ಪುಸ್ತಕ ಕೆಳಗಿಟ್ಟೆ. ‘ಸೆಕ್ಷನ್ 23 ಅನ್ವಯಿಸುವುದಿಲ್ಲ’ ಎಂಬುದು ಅದರ ತಾತ್ಪರ್ಯ. ಆ ಸೆಕ್ಷನ್ 23 ಏನು ಗೊತ್ತೆ? ಅಪ್ಪ ಬಿಟ್ಟುಹೋದ ವಾಸದ ಮನೆಯಲ್ಲಿ ಮಗಳಿಗೂ ಪಾಲು ಇದೆ, ಆದರೆ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಆಕೆ ಪಾಲು ಕೇಳುವಂತಿಲ್ಲ. ವಾಸಕ್ಕಿರುವ ಹಕ್ಕು ಕೂಡ ಮದುವೆಯಾಗದ, ಗಂಡ ಬಿಟ್ಟ ಅಥವಾ ಗಂಡನಿಂದ ಬೇರ್ಪಟ್ಟ, ವಿಧವೆಯಾದ ಮಗಳಿಗೆ ಮಾತ್ರ. ಉಳಿದ ಹಿಂದೂ ಹೆಣ್ಣುಮಕ್ಕಳ ತಲೆಯ ಮೇಲಿಂದ ಈ ಸೆಕ್ಷನ್ನು ಇಳಿದದ್ದು 2005ರ ಸೆಪ್ಟೆಂಬರ್ 9ರಂದು. ಅಳಿಯಸಂತಾನದ ಮಗಳಿಗೆ ಅದು 1956ರಲ್ಲೇ ಇರಲಿಲ್ಲ. ನಲವತ್ತೊಂಬತ್ತು ವರ್ಷ! ಬೇರೆಯವರ ಮಗಳು ಅಣ್ಣನ ಮನಸ್ಸು ಬದಲಾಗುವುದನ್ನು ಕಾಯುತ್ತ ಕೂತ ಕಾಲದಲ್ಲಿ ಕರಾವಳಿಯ ಮಗಳು ನೇರವಾಗಿ ಕೋರ್ಟಿನ ಮೆಟ್ಟಿಲು ಹತ್ತಬಹುದಿತ್ತು.

ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಮಗಳಿಗೂ ಹಕ್ಕು ಎಂಬುದು ಬಂದ ದಾರಿ ನಿಮಗೆ ಗೊತ್ತೇ ಇದೆ. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ ತಮ್ಮ ತಮ್ಮ ತಿದ್ದುಪಡಿ ತಂದವು, 2005ರಲ್ಲಿ ಇಡೀ ದೇಶಕ್ಕೆ ಬಂತು, ಆ ಹಕ್ಕಿಗೆ 2005ರ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲರೂ ಇದನ್ನು ಸಂಭ್ರಮಿಸಿದರು, ನಾನೂ ಸಂಭ್ರಮಿಸಿದೆ. ಆದರೆ ಆ ಸಂಭ್ರಮದಲ್ಲಿ ಸೆಕ್ಷನ್ 15 ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿದುಬಿಟ್ಟಿತು. ತಂದೆಯ ಆಸ್ತಿ ಮಗಳಿಗೆ ಹೇಗೆ ಬರಬೇಕೆಂದು ಬದಲಾಯಿಸಿದವರು, ಮಗಳ ಸ್ವಂತ ಸಂಪಾದನೆ ಅವಳ ನಂತರ ಎಲ್ಲಿಗೆ ಹೋಗಬೇಕೆಂಬುದನ್ನು ಮುಟ್ಟಲಿಲ್ಲ. ತಂದೆತಾಯಿಯಿಂದ ಬಂದದ್ದು ಮಕ್ಕಳಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಮರಳುತ್ತದೆ, ಗಂಡ ಮಾವಂದಿರಿಂದ ಬಂದದ್ದು ಗಂಡನ ಕಡೆಗೆ ಮರಳುತ್ತದೆ. ಎರಡೂ ನ್ಯಾಯವೇ. ಆದರೆ ಬೆವರು ಸುರಿಸಿ ತಾನೇ ಗಳಿಸಿದ್ದು? ಅದು ಗಂಡನ ಕಡೆಗೆ! 1956ರಲ್ಲಿ ಹೊರಗೆ ಹೋಗಿ ಸಂಬಳ ತರುವ ಹೆಂಗಸು ಅಪರೂಪ, ಕಾನೂನು ಬರೆದವರ ಕಣ್ಣಮುಂದೆ ಅವಳು ಇರಲಿಲ್ಲ ಎಂಬುದು ನನ್ನ ಅನಿಸಿಕೆ. ಇವತ್ತು ಕೊಯಮತ್ತೂರಿನ ಪಂಪಿನ ಕಾರ್ಖಾನೆಗಳಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಗಳ ಹೊಲಿಗೆ ಸಾಲುಗಳಲ್ಲಿ ಅವಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕೂತಿದ್ದಾಳೆ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದು: ಸೆಕ್ಷನ್ 17 ಊರಿಗೆ ಅಂಟಿದ್ದಲ್ಲ, ಮನುಷ್ಯರಿಗೆ ಅಂಟಿದ್ದು. ವಲಸೆ ಹೋಗುವ ಮನೆತನ ತನ್ನ ವೈಯಕ್ತಿಕ ಕಾನೂನನ್ನೂ ಜೊತೆಗೆ ಒಯ್ಯುತ್ತದೆ ಎಂಬುದು ನಮ್ಮ ನ್ಯಾಯಾಲಯಗಳು ಒಪ್ಪಿರುವ ನಿಯಮ. ಕರಾವಳಿಯಿಂದ ಹೋಟೆಲ್ ವ್ಯಾಪಾರಕ್ಕೆಂದು ಬಂದು ಕುರಿಚಿಯಲ್ಲೇ ನೆಲೆ ನಿಂತ ಬಂಟರ ಮನೆಯೊಂದಿದ್ದರೆ, ಆ ಮನೆಯ ಹೆಂಗಸಿಗೆ ಇವತ್ತಿಗೂ ಸೆಕ್ಷನ್ 17. ಕಾಂಪೌಂಡ್ ಗೋಡೆಯ ಆಚೆಗೆ ಕೊಳ್ಳೇಗಾಲದಿಂದ ಬಂದ ಕನ್ನಡದ ಮನೆ, ಅಲ್ಲಿಯ ಹೆಂಗಸಿಗೆ ಸೆಕ್ಷನ್ 15. ಇಬ್ಬರೂ ಒಂದೇ ನಲ್ಲಿಯ ನೀರು ಹಿಡಿಯುವವರು, ಒಂದೇ ಬಸ್ಸಿಗೆ ಕೆಲಸಕ್ಕೆ ಹೋಗುವವರು. ಒಬ್ಬಳ ತಾಯಿ ಮೊದಲ ಸಾಲಿನಲ್ಲಿ, ಇನ್ನೊಬ್ಬಳ ತಾಯಿ ಮೂರನೆಯದರಲ್ಲಿ.

ಹಾಗಾದರೆ ಉಳಿದ ಹೆಂಗಸರಿಗೆ ದಾರಿ ಇಲ್ಲವೆ? ಕಾನೂನು ಆಯೋಗ ತನ್ನ 207ನೇ ವರದಿಯಲ್ಲಿ, 2008ರಲ್ಲಿ, ಸ್ವಂತ ಸಂಪಾದನೆಯ ವಿಷಯದಲ್ಲಿ ಸೆಕ್ಷನ್ 15ನ್ನು ತಿದ್ದಬೇಕೆಂದು ಶಿಫಾರಸು ಮಾಡಿತು. ತಿದ್ದುಪಡಿ ಆಗಿಲ್ಲ. ಮಾದರಿಗೆ ಬೇರೆ ದೇಶ ಹುಡುಕಬೇಕಾಗಿಯೂ ಇಲ್ಲ, ಅದು ಅದೇ ಪುಸ್ತಕದಲ್ಲೇ ಇದೆ! ಅಲ್ಲಿಯವರೆಗೆ ಇರುವುದು ವಿಲ್. ಎರಡು ಸೆಕ್ಷನ್‌ಗಳೂ ವಿಲ್ ಬರೆಯದೆ ಸತ್ತವರಿಗೆ ಮಾತ್ರ. ವಿಲ್ಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ತನ್ನ ಸ್ವಂತ ಗಳಿಕೆ ಯಾರಿಗೆ ಸೇರಬೇಕೆಂದು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರ ಸಹಿಯನ್ನೂ ಹಾಕಿಸಬೇಕು. ಆಸ್ತಿ ಸಿಗುವವರು ಸಾಕ್ಷಿಗಳಾಗದಂತೆ ನೋಡಿಕೊಂಡರೆ ಒಳ್ಳೆಯದು. ಇಷ್ಟಾದರೆ ನಾದಿನಿಯ ಮಗನ ಸರತಿ ಬರುವುದೇ ಇಲ್ಲ.